ತಾರಸಿ ಮನೆಯ ಉಪ್ಪರಿಗೆಯಲ್ಲಿ ರಾತ್ರಿಯೂ ಇಳಿಯದ ಸೆಕೆ: ಕೂಲರ್ ಇಟ್ಟ ಮೇಲೆ ಇನ್ನೂ ಹೆಚ್ಚಾದದ್ದೇಕೆ?

ಪ್ರಶ್ನೆ (ಪರ್ಕಳ, ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಪರ್ಕಳದ ಸಮೀಪ ಎರಡು ಅಂತಸ್ತಿನ ಮನೆ. ಗೋಡೆಗಳು ಕೆಂಪುಕಲ್ಲಿನವು, ಮೇಲೆ ಆರ್‌ಸಿಸಿ ತಾರಸಿ. ಅದರ ಮೇಲೆ ಶೀಟಿನ ಮಾಡು ಇಲ್ಲ. ಮಲಗುವ ಕೋಣೆಗಳೆಲ್ಲ ಉಪ್ಪರಿಗೆಯಲ್ಲಿವೆ. ನಾವಿಬ್ಬರಲ್ಲದೆ 76 ವರ್ಷದ ಅತ್ತೆಯವರೂ 8 ತಿಂಗಳ ಮಗುವೂ ಇದ್ದಾರೆ. ಅತ್ತೆಯವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ಫೆಬ್ರವರಿ ಕೊನೆಯಿಂದ ಸೆಕೆ ವಿಪರೀತವಾಗಿದೆ. ರಾತ್ರಿ ಹತ್ತು ಗಂಟೆಗೆ ಹೊರಗಿನ ಅಂಗಳದಲ್ಲಿ ಹಿತವಾದ ಗಾಳಿ ಇದ್ದರೂ ಉಪ್ಪರಿಗೆಯ ಕೋಣೆಯಲ್ಲಿ 33 ಡಿಗ್ರಿ ತೋರಿಸುತ್ತದೆ. ನನ್ನ ಪತಿ ಕಲಬುರಗಿಯಲ್ಲಿ ಕೆಲಸದಲ್ಲಿದ್ದಾಗ ಬಳಸುತ್ತಿದ್ದ ದೊಡ್ಡ ಏರ್ ಕೂಲರ್ ಅನ್ನು ಇಲ್ಲಿಗೆ ತರಿಸಿದ್ದೇವೆ. ಅಲ್ಲಿ 41 ಡಿಗ್ರಿಯಲ್ಲೂ ಹೊದಿಕೆ ಬೇಕೆನ್ನಿಸುವಷ್ಟು ತಂಪು ಕೊಡುತ್ತಿದ್ದ ಅದೇ ಯಂತ್ರ ಇಲ್ಲಿ ಸ್ವಲ್ಪ ಹೊತ್ತು ತಣ್ಣಗೆನಿಸಿ, ಆಮೇಲೆ ಹಾಸಿಗೆ, ಬಟ್ಟೆ, ಮೈ ಎಲ್ಲವನ್ನೂ ಅಂಟು ಅಂಟಾಗಿಸುತ್ತದೆ. ಮಗುವಿಗೆ ಬೆವರುಸಾಲೆ ಎದ್ದಿದೆ. ಯಂತ್ರ ಕೆಟ್ಟಿದೆಯೇ, ಪ್ಯಾಡ್ ಬದಲಿಸಬೇಕೇ, ಅಥವಾ ಎಸಿ ಹಾಕಿಸುವುದೊಂದೇ ದಾರಿಯೇ? ಉಷ್ಣ ಅಲೆಯ ಮುನ್ನೆಚ್ಚರಿಕೆ ಕೊಟ್ಟಿದ್ದಾರೆಂದು ಹೇಳಿದರೆ, ಕಲಬುರಗಿಯ ಗೆಳೆಯರು 37 ಡಿಗ್ರಿಗೆ ಅದೆಂಥ ಉಷ್ಣ ಅಲೆ ಎಂದು ಕೇಳುತ್ತಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಪ್ರತಿಕ್ರಿಯೆ (ಕಾಪು)

ಕೂಲರ್ ಇಟ್ಟ ಕೋಣೆಯ ಕಿಟಕಿಗಳು ತೆರೆದಿರುತ್ತವೆಯೇ, ಮುಚ್ಚಿರುತ್ತವೆಯೇ? ರಾತ್ರಿ ಮಲಗುವಾಗ ಮೇಲಿನ ಸ್ಲ್ಯಾಬಿನ ಅಡಿಭಾಗಕ್ಕೆ ಕೈ ತಾಗಿಸಿದರೆ ಬಿಸಿ ತಿಳಿಯುತ್ತದೆಯೇ? ಸಾಧ್ಯವಾದರೆ ತೇವಾಂಶ ತೋರಿಸುವ ಸಣ್ಣ ಮೀಟರಿನ ಅಂಕಿಯನ್ನೂ ತಿಳಿಸಿ. ಇಷ್ಟು ಗೊತ್ತಾಗದೆ ಪ್ಯಾಡ್ ಬದಲಿಸಿ ಎನ್ನುವುದು ಸರಿಯಲ್ಲ.

ಪ್ರಶ್ನೆ ಕೇಳಿದವರು

ಸೊಳ್ಳೆಯ ಕಾರಣದಿಂದ ಸಂಜೆ ಆರಕ್ಕೇ ಕಿಟಕಿಗಳನ್ನು ಮುಚ್ಚುತ್ತೇವೆ. ಸ್ಲ್ಯಾಬಿನ ಅಡಿಭಾಗ ರಾತ್ರಿ ಹನ್ನೊಂದಕ್ಕೂ ಬೆಚ್ಚಗಿರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಯೇ ಕೆಳಗಿಳಿದು ಬಂದಂತಾಗುತ್ತದೆ. ಪಕ್ಕದ ಮನೆಯವರ ಮೀಟರ್ ತಂದು ನೋಡಿದೆವು: ಕೂಲರ್ ಹಾಕುವ ಮೊದಲು ತೇವಾಂಶ ಶೇ 68, ಹಾಕಿ ಒಂದು ಗಂಟೆಯ ಬಳಿಕ ಶೇ 88. ಉಷ್ಣತೆ ಎರಡು ಡಿಗ್ರಿಯಷ್ಟು ಇಳಿದಿತ್ತು.

ಪ್ರತಿಕ್ರಿಯೆ (ಸುರತ್ಕಲ್, ಶೀತಕ ಮತ್ತು ಎಸಿ ಯಂತ್ರಗಳ ದುರಸ್ತಿ ಕೆಲಸ)

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. ನಿಮ್ಮ ಯಂತ್ರ ಕೆಟ್ಟಿಲ್ಲ. ಅದಕ್ಕೆ ಬೇಕಾದ ಒಣ ಹವೆ ನಮ್ಮ ಊರಿನಲ್ಲಿಲ್ಲ.

ಏರ್ ಕೂಲರ್ ಸ್ವತಃ ತಂಪನ್ನು ಉತ್ಪಾದಿಸುವುದಿಲ್ಲ. ಒದ್ದೆ ಪ್ಯಾಡಿನ ಮೂಲಕ ಗಾಳಿಯನ್ನು ಎಳೆದಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ, ಹಾಗಾಗಿ ಗಾಳಿ ತಣಿಯುತ್ತದೆ. ಎಷ್ಟರ ಮಟ್ಟಿಗೆ ತಣಿಯಬಹುದೆಂಬುದನ್ನು ಆ ಗಾಳಿಯಲ್ಲಿ ಈಗಾಗಲೇ ಎಷ್ಟು ತೇವಾಂಶವಿದೆ ಎಂಬುದೇ ನಿರ್ಧರಿಸುತ್ತದೆ. ಕಲಬುರಗಿಯಲ್ಲಿ 41 ಡಿಗ್ರಿ ಇದ್ದು ತೇವಾಂಶ ಶೇ 18ರಷ್ಟಿದ್ದರೆ, ಒಳ್ಳೆಯ ಕೂಲರ್ 27–28 ಡಿಗ್ರಿಯ ಗಾಳಿಯನ್ನು ಕೊಡಬಲ್ಲದು. ನಮ್ಮಲ್ಲಿ 34 ಡಿಗ್ರಿ ಇದ್ದು ತೇವಾಂಶ ಶೇ 68 ಆದಾಗ ಅದೇ ಕೂಲರ್ 30 ಡಿಗ್ರಿಗಿಂತ ಕೆಳಗೆ ಇಳಿಸಲಾರದು, ಅದೂ ತೇವ ತುಂಬಿದ ಗಾಳಿ. ಕಿಟಕಿ ಮುಚ್ಚಿದ್ದರೆ ಅದೇ ತೇವದ ಗಾಳಿ ಮತ್ತೆ ಮತ್ತೆ ಪ್ಯಾಡಿನ ಮೂಲಕ ಹಾದು, ಕೊನೆಗೆ ಆವಿಯಾಗಲು ಅವಕಾಶವೇ ಇಲ್ಲದಂತಾಗುತ್ತದೆ. ನಮ್ಮ ದೇಹ ತಣಿಯುವುದೂ ಬೆವರು ಆರುವುದರಿಂದಲೇ ಆದ್ದರಿಂದ, ಮೀಟರಿನಲ್ಲಿ ಎರಡು ಡಿಗ್ರಿ ಇಳಿದರೂ ಮೈಗೆ ಸೆಕೆ ಹೆಚ್ಚುತ್ತದೆ. ಮಗುವಿನ ಬೆವರುಸಾಲೆಗೂ ಇದೇ ಕಾರಣವಿದ್ದೀತು. ರಾತ್ರಿ ಕೂಲರ್ ಹಾಕುವುದನ್ನು ಇಂದೇ ನಿಲ್ಲಿಸಿ.

ನಿಮ್ಮ ಗೆಳೆಯರ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಹವಾಮಾನ ಇಲಾಖೆ ಬಯಲು ಸೀಮೆಗೆ 40 ಡಿಗ್ರಿಯ ಮಿತಿ ಇಟ್ಟಿದ್ದರೆ, ಕರಾವಳಿಯಲ್ಲಿ ಗರಿಷ್ಠ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಉಷ್ಣ ಅಲೆ ಎಂದು ಪರಿಗಣಿಸುತ್ತದೆ. 35 ಡಿಗ್ರಿ ಉಷ್ಣತೆ ಶೇ 70 ತೇವಾಂಶದೊಂದಿಗೆ ಸೇರಿದಾಗ ದೇಹಕ್ಕೆ ಅದು 50 ಡಿಗ್ರಿಯಂತೆ ಭಾಸವಾಗುತ್ತದೆ. ಆದ್ದರಿಂದ ಒಣ ಊರಿನ 41ನ್ನೂ ನಮ್ಮ 36ನ್ನೂ ಅಂಕಿಯಿಂದ ಮಾತ್ರ ಹೋಲಿಸಲಾಗದು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ನಿಮ್ಮ ಕೋಣೆಯ ನಿಜವಾದ ಒಲೆ ಆ ತಾರಸಿ. ಬರಿಯ ಸಿಮೆಂಟಿನ ಮೇಲ್ಮೈ ಮಧ್ಯಾಹ್ನದ ಬಿಸಿಲಿನಲ್ಲಿ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಐದಾರು ಇಂಚು ದಪ್ಪದ ಸ್ಲ್ಯಾಬನ್ನು ಆ ಶಾಖ ಹಾದು ಬರಲು ಹಲವು ಗಂಟೆ ಬೇಕಾಗುವುದರಿಂದ, ಹೊರಗೆ ತಂಪಾಗತೊಡಗುವ ಹೊತ್ತಿಗೇ ಒಳಗೆ ಬಿಸಿ ಸುರಿಯತೊಡಗುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಹೀಗಾಗುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಇಲ್ಲೆಲ್ಲ ಹರಡಿದ ಆ ತೆಳು ಹಂಚು ಹಗಲು ಕಾದರೂ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಆರುತ್ತಿತ್ತು, ಬಿಸಿ ಗಾಳಿ ಹಂಚಿನ ಸಂದುಗಳಿಂದ ಮೇಲಕ್ಕೆ ಹೋಗುತ್ತಿತ್ತು. ತಾರಸಿ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಬಿಸಿಲು ತಾರಸಿಗೆ ಮುಟ್ಟದಂತೆ ಮಾಡದೆ ಕೋಣೆಯೊಳಗೆ ಏನನ್ನು ತಂದಿಟ್ಟರೂ ಅರ್ಧ ಪ್ರಯೋಜನವೇ.

ತಕ್ಷಣಕ್ಕೆ ಆಗಬಹುದಾದದ್ದು ಸುಣ್ಣ. ತಾರಸಿಯ ಪಾಚಿಯನ್ನು ಉಜ್ಜಿ ತೆಗೆದು, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿಯಿರಿ. ಬೂದು ಸಿಮೆಂಟು ಬಿಸಿಲಿನ ಮೂರನೆಯ ಒಂದು ಪಾಲನ್ನಷ್ಟೇ ಹಿಂದಕ್ಕೆ ಕಳಿಸಿದರೆ, ಹೊಸ ಬಿಳಿ ಸುಣ್ಣ ಮುಕ್ಕಾಲು ಪಾಲಿನಷ್ಟನ್ನು ಕಳಿಸುತ್ತದೆ. ಅದಕ್ಕಿಂತಲೂ ಒಳ್ಳೆಯದು ನೆರಳು. ಬಿದಿರು ಅಥವಾ ಅಡಿಕೆ ಮರದ ಕಂಬ ನಿಲ್ಲಿಸಿ ಶೇಡ್ ನೆಟ್ ಕಟ್ಟಿ, ಅಥವಾ ಚಪ್ಪರ ಹಾಕಿ ಸೋಗೆ ಹರಡಿ. ನೆರಳಿಗೂ ತಾರಸಿಗೂ ನಡುವೆ ಕನಿಷ್ಠ ಎರಡು ಅಡಿ ಅಂತರವಿದ್ದು ನಾಲ್ಕೂ ಬದಿಯಿಂದ ಗಾಳಿಯಾಡಬೇಕು. ತೆಂಗಿನ ಮಡಲನ್ನು (ಗರಿಯನ್ನು) ನೇರವಾಗಿ ಸ್ಲ್ಯಾಬಿನ ಮೇಲೆ ಹಾಸುವ ರೂಢಿಯೂ ಇದೆ. ಅದು ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಒಣಗಿದ ಮಡಲಿಗೆ ಕಿಡಿ ತಾಗದಂತೆ ಎಚ್ಚರ ಬೇಕು. ಸಂಜೆ ತಾರಸಿಗೆ ನೀರು ಹೊಯ್ಯಲು ಕೆಲವರು ಹೇಳುತ್ತಾರೆ. ಅದರಿಂದ ಸ್ಲ್ಯಾಬ್ ತಣಿಯುವುದು ನಿಜ. ಆದರೆ ಉಡುಪಿಗೆ ಬಜೆ ಅಣೆಕಟ್ಟೆಯ, ಮಂಗಳೂರಿಗೆ ತುಂಬೆಯ ನೀರೇ ಆಧಾರವಾಗಿದ್ದು, ಬೇಸಗೆಯಲ್ಲಿ ಸರದಿಯಂತೆ ನೀರು ಬಿಡಬೇಕಾಗುವ ಊರುಗಳಲ್ಲಿ ಕುಡಿಯುವ ನೀರನ್ನು ಸಿಮೆಂಟಿಗೆ ಸುರಿಯಲು ನಾನು ಹೇಳಲಾರೆ.

ಎರಡನೆಯದು ಗಾಳಿಯ ವಿಚಾರ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಘಟ್ಟದ ಕಡೆಯಿಂದ ಬೀಸುವ ಒಣ ಮೂಡುಗಾಳಿ ಬಲವಾಗಿದ್ದರೆ ಕಡಲ ಗಾಳಿ ಒಳನಾಡಿಗೆ ಬರುವುದು ತಡವಾಗುತ್ತದೆ. ಉಷ್ಣತೆ 37 ದಾಟುವುದು ಇಂಥ ದಿನಗಳಲ್ಲೇ. ಅಂಥ ದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಮೂಡು ಬದಿಯ ಕಿಟಕಿಗಳನ್ನು ಮುಚ್ಚಿ ಪರದೆ ಎಳೆಯಿರಿ. ಗಾಳಿ ಪಡುವಣಕ್ಕೆ ತಿರುಗಿದ್ದು ತೆಂಗಿನ ಗರಿಗಳು ಬಾಗುವ ದಿಕ್ಕಿನಿಂದಲೇ ತಿಳಿಯುತ್ತದೆ. ಆಮೇಲೆ, ಬಿಸಿಲು ನೇರವಾಗಿ ಬೀಳದ ಪಡು ಕಿಟಕಿಗಳನ್ನು ತೆರೆಯಿರಿ. ಸಂಜೆ ಆರಕ್ಕೆ ಕಿಟಕಿ ಮುಚ್ಚುವುದು ನಿಮ್ಮ ಮನೆಗೆ ದೊಡ್ಡ ನಷ್ಟ. ಕಿಟಕಿಗಳಿಗೆ ಸೊಳ್ಳೆ ಪರದೆಯ ಚೌಕಟ್ಟು ಹಾಕಿಸಿ ರಾತ್ರಿಯಿಡೀ ತೆರೆದಿಡಿ. ಒಂದು ಕಿಟಕಿಯಲ್ಲಿ ಹೊರಮುಖವಾಗಿ ಟೇಬಲ್ ಫ್ಯಾನ್ ಇಟ್ಟರೆ ಸ್ಲ್ಯಾಬಿನಡಿಯ ಬಿಸಿ ಗಾಳಿ ಹೊರಗೆ ಹೋಗಿ, ಎದುರಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ.

ಕೂಲರಿಗೂ ಒಂದು ಉಪಯೋಗ ಉಳಿದಿದೆ. ಒಣ ಮೂಡುಗಾಳಿಯ ಮಧ್ಯಾಹ್ನ ತೇವಾಂಶ ಶೇ 35–40ಕ್ಕೆ ಇಳಿದಿದ್ದರೆ, ಅದನ್ನು ಕಿಟಕಿಯ ಬಳಿ ಇಟ್ಟು ಹೊರಗಿನ ಗಾಳಿಯನ್ನೇ ಎಳೆಯುವಂತೆ ಮಾಡಿ, ಎದುರಿನ ಕಿಟಕಿ ತೆರೆದಿಟ್ಟು ಓಡಿಸಿ. ಮೀಟರಿನಲ್ಲಿ ಶೇ 50 ದಾಟಿದ ಕೂಡಲೇ ಪಂಪ್ ನಿಲ್ಲಿಸಿ, ಬರಿಯ ಫ್ಯಾನಾಗಿ ಬಳಸಿ.

ಎಸಿ ಬೇಡವೆಂದು ನಾನು ಹೇಳುವುದಿಲ್ಲ. ವಯಸ್ಸಾದವರೂ ಎಳೆ ಮಗುವೂ ಇರುವ ಮನೆಯಲ್ಲಿ ಒಂದು ಕೋಣೆಗಾದರೂ ಅದು ಇರುವುದು ಒಳ್ಳೆಯದು. ಕೆಳಗಿನ ಅಂತಸ್ತಿನ ಕೋಣೆಗೆ ಹಾಕಿಸಿ, 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ತಿರುಗಿಸಿ. ಅದು ಗಾಳಿಯ ತೇವವನ್ನೂ ಹೀರಿ ಹೊರಹಾಕುವುದರಿಂದ ನಮ್ಮಲ್ಲಿ 26 ಡಿಗ್ರಿಯೇ ಸಾಕಾಗುತ್ತದೆ. ನೆರಳಿಲ್ಲದ ತಾರಸಿಯ ಕೆಳಗೆ ಹಾಕಿದ ಎಸಿ ರಾತ್ರಿಯಿಡೀ ಸ್ಲ್ಯಾಬಿನೊಡನೆ ಹೋರಾಡಿ ಬಿಲ್ಲನ್ನಷ್ಟೇ ಏರಿಸುತ್ತದೆ.

ಪ್ರತಿಕ್ರಿಯೆ (ಬ್ರಹ್ಮಾವರ, ಆಸ್ಪತ್ರೆಯ ದಾದಿ)

ತಾರಸಿಯ ಕೆಲಸ ಮುಗಿಯುವವರೆಗೆ ಅತ್ತೆಯವರನ್ನೂ ಮಗುವನ್ನೂ ಕೆಳಗಿನ ಅಂತಸ್ತಿನಲ್ಲೇ ಮಲಗಿಸಿ ಎಂದು ಮೊದಲಾಗಿ ಕೇಳಿಕೊಳ್ಳುತ್ತೇನೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ, ಬೆವರುವುದೂ ಕಡಿಮೆ. ಬೇಡ ಎಂದರೂ ಗಂಟೆಗೊಮ್ಮೆ ಕೈಗೇ ಲೋಟ ಕೊಡಬೇಕು. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು. ಅತ್ತೆಯವರದ್ದು ಅಂಥದ್ದೇ ಎಂದು ವೈದ್ಯರಲ್ಲಿ ಕೇಳಿ, ಸೆಕೆಯ ದಿನಗಳಿಗೆ ಪ್ರಮಾಣ ಬದಲಿಸಬೇಕೇ ಎಂದೂ ವಿಚಾರಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಕುಡಿಯಲು ನಮ್ಮೂರಿನ ಪದಾರ್ಥಗಳೇ ಸಾಕು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು, ನೀರುಮಜ್ಜಿಗೆ, ಒಂದೆಲಗದ ತಂಬುಳಿ, ಸಕ್ಕರೆ ಕಡಿಮೆ ಹಾಕಿದ ಪುನರ್ಪುಳಿ ಶರಬತ್ತು ಇವೆಲ್ಲ ಒಳ್ಳೆಯವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಿನಕ್ಕೆರಡು ಮೂರು ಬೊಂಡ ಕುಡಿಯಬಾರದು. ತೀರಾ ಬಳಲಿದ್ದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಗುವಿಗೆ ಎದೆಹಾಲನ್ನು ಹೆಚ್ಚು ಬಾರಿ ಕೊಡಿ. ಆರು ತಿಂಗಳು ದಾಟಿರುವುದರಿಂದ ನಡುನಡುವೆ ಸ್ವಲ್ಪ ನೀರನ್ನೂ ಕೊಡಬಹುದು. ತೊಟ್ಟಿಲಿಗೆ ದಪ್ಪ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ನಿಂತು ಬಿಸಿಯೇರುತ್ತದೆ. ಬೆವರುಸಾಲೆಗೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ, ಗಾಳಿಗೆ ಆರಲು ಬಿಡಿ, ಎಣ್ಣೆ ಹಚ್ಚಬೇಡಿ.

ಇದನ್ನು ಮನೆಯವರೆಲ್ಲರೂ ನೆನಪಿಟ್ಟುಕೊಳ್ಳಬೇಕು: ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ತಂಪಾದಲ್ಲಿ ಮಲಗಿಸಿ, ನೀರು ಕೊಟ್ಟು, ಮೈ ಒದ್ದೆ ಮಾಡಿ ಗಾಳಿ ಹಾಕಿದರೆ ಹೆಚ್ಚಾಗಿ ಸುಧಾರಿಸುತ್ತದೆ. ಆದರೆ ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಮೈ ಕಾದು 40 ಡಿಗ್ರಿ ಮುಟ್ಟಿದರೆ ಅದು ಉಷ್ಣಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಮೈಗೆ ನೀರು ಹೊಯ್ಯುತ್ತ ಫ್ಯಾನ್ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಪ್ರತಿಕ್ರಿಯೆ (ಕಾಪು)

ಎರಡು ಸಣ್ಣ ವಿಷಯಗಳು. ಉಪ್ಪರಿಗೆಯ ಫ್ಯಾನ್ ಮೊದಲಿಗಿಂತ ನಿಧಾನವಾಗಿದ್ದರೆ ಅದರ ಕೆಪಾಸಿಟರ್ ದುರ್ಬಲವಾಗಿರಬಹುದು. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನದ್ದು ಬೇಕು. ಅಲ್ಪ ಬೆಲೆಯ ವಸ್ತು, ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಬದಲಿಸುತ್ತಾರೆ. ಇನ್ನೊಂದು ಅಡುಗೆಮನೆಯದು. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕಾಗುವುದರಿಂದ ಶಾಖದ ಜೊತೆಗೆ ಉಗಿಯೂ ಮನೆ ತುಂಬುತ್ತದೆ. ಬೆಳಿಗ್ಗೆ ಬೇಗ ಒಂದು ಕುದಿ ಬರಿಸಿ ಥರ್ಮಲ್ ಕುಕ್ಕರಿನಲ್ಲಿ ಇಟ್ಟುಬಿಟ್ಟರೆ ಒಲೆಯಿಲ್ಲದೆ ಅನ್ನ ಬೇಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅತ್ತೆಯವರೂ ಮಗುವೂ ಈಗ ಕೆಳಗಿನ ಚಾವಡಿಯ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ತಾರಸಿಗೆ ಸುಣ್ಣ ಬಳಿದು, ಅದರ ಮೇಲೆ ಬಿದಿರಿನ ಕಂಬಗಳಿಗೆ ಶೇಡ್ ನೆಟ್ ಕಟ್ಟಿಸಿದ್ದೇವೆ. ಕಿಟಕಿಗಳಿಗೆ ಪರದೆ ಹಾಕಿಸಿದ ಬಳಿಕ ರಾತ್ರಿ ಹತ್ತಕ್ಕೆ ಉಪ್ಪರಿಗೆಯ ಕೋಣೆಯಲ್ಲಿ 30 ಡಿಗ್ರಿ ಇತ್ತು, ಸ್ಲ್ಯಾಬಿನ ಅಡಿಭಾಗ ಕೈಗೆ ಬೆಚ್ಚಗೆನಿಸಲಿಲ್ಲ. ವೈದ್ಯರು ಅತ್ತೆಯವರ ಒಂದು ಮಾತ್ರೆಯ ಪ್ರಮಾಣ ಕಡಿಮೆ ಮಾಡಿದ್ದಾರೆ. ಮಳೆಗಾಲದಲ್ಲಿ ಈ ಸುಣ್ಣ ಮತ್ತು ಬಲೆ ಉಳಿಯುತ್ತವೆಯೇ? ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೈಗೆ ಹಾಕಲಾಗದಷ್ಟು ಬಿಸಿಯಾಗುತ್ತದೆ, ಅದಕ್ಕೇನು ಮಾಡಬಹುದು?

ಪ್ರತಿಕ್ರಿಯೆ (ಸುರತ್ಕಲ್)

ಟ್ಯಾಂಕನ್ನೂ ಅದೇ ಬಲೆಯ ನೆರಳಿನೊಳಗೆ ತನ್ನಿ, ಹೊರಮೈಗೆ ಬಿಳಿ ಬಣ್ಣ ಬಳಿಯಿರಿ. ಅತ್ತೆಯವರ ಮಧ್ಯಾಹ್ನದ ಸ್ನಾನಕ್ಕೆ ಬೆಳಿಗ್ಗೆಯೇ ಬಚ್ಚಲಿನಲ್ಲಿ ನೀರು ತುಂಬಿ ಮುಚ್ಚಿಡಿ. ಬಲೆಯನ್ನು ಮೇ ಕೊನೆಯ ವಾರದೊಳಗೆ ಬಿಚ್ಚಿ ಮಡಚಿಡಿ, ಮುಂಗಾರಿನ ಗಾಳಿಗೆ ಅದು ಕಂಬ ಸಮೇತ ಹಾರೀತು. ನಮ್ಮ ಮಳೆಗೆ ಸುಣ್ಣ ನಿಲ್ಲುವುದಿಲ್ಲ. ಮಳೆ ಕಳೆದು ಪಾಚಿ ಒಣಗಿದ ಮೇಲೆ, ಜನವರಿಯಲ್ಲಿ ಮತ್ತೆ ಬಳಿಯಬೇಕು. ಮುಂದೆ ಶೀಟಿನ ಮಾಡು ಹಾಕಿಸುವುದಾದರೆ, ಬದಿಗಳನ್ನು ಮುಚ್ಚಿ ಕೋಣೆ ಮಾಡಿಕೊಳ್ಳುವ ಆಸೆಯನ್ನು ಬಿಟ್ಟು, ಶೀಟಿನಡಿಯ ಬಿಸಿ ಗಾಳಿ ಹೊರಹೋಗುವಂತೆ ತೆರೆದೇ ಇಡಿಸಿ. ಕೂಲರ್ ಎತ್ತಿಡುವ ಮುನ್ನ ಅದರ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ಉಜ್ಜಿ, ಪ್ಯಾಡನ್ನು ಬಿಸಿಲಿನಲ್ಲಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡಲು ಅಲ್ಲಿ ಉಳಿದ ಸ್ವಲ್ಪ ನೀರೇ ಸಾಕು.