ಸಣ್ಣ ಸಮುದ್ರ ತೊಟ್ಟಿಯ ಮೃದು ಹವಳಗಳಿಗೆ ಯಾವ ಲೈಟ್ ಸೂಕ್ತ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನ ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹದಿನಾಲ್ಕು ಇಂಚು ಎತ್ತರದ ಸಮುದ್ರ ತೊಟ್ಟಿಯನ್ನು (ಉಪ್ಪುನೀರಿನ ಅಕ್ವೇರಿಯಂ) ಐದು ತಿಂಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಜೋಯಾಂಥಿಡ್, ಮಶ್ರೂಮ್ ಮತ್ತು ಒಂದು ಲೆದರ್ ಎಂಬ ಮೃದು ಹವಳಗಳಿವೆ. ಹಿಂದೆ ಸಿಹಿನೀರಿನ ಗಿಡಗಳಿಗೆಂದು ಕೊಂಡಿದ್ದ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯನ್ನೇ ಇದಕ್ಕೂ ಬಳಸುತ್ತಿದ್ದೇನೆ. ಈಚೆಗೆ ಜೋಯಾಂಥಿಡ್‌ಗಳ ಕಾಂಡ ಮೊಳಕೆ ಬಂದ ಹೆಸರುಕಾಳಿನಂತೆ ಉದ್ದವಾಗಿ, ಬೆಳಕಿನ ಕಡೆಗೆ ಬಾಗಿಕೊಂಡಿದೆ. ಅಂಗಡಿಯವರು 165 ವ್ಯಾಟ್‌ನ ಲೈಟ್ ಬೇಕೇಬೇಕು ಎನ್ನುತ್ತಾರೆ; ಮುಂದೆ ಅಕ್ರೊಪೋರ ಎಂಬ ಗಟ್ಟಿ ಹವಳ ಇಡುವುದಕ್ಕೂ ಅದೇ ಆಗುತ್ತದೆ ಎಂಬುದು ಅವರ ವಾದ. ಸ್ನೇಹಿತರೊಬ್ಬರು ಲೀಟರಿಗೆ ಒಂದು ವ್ಯಾಟ್ ಸಾಕು ಎನ್ನುತ್ತಾರೆ. ಯಾವ ಲೆಕ್ಕವನ್ನು ನಂಬಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಎರಡೂ ಲೆಕ್ಕಗಳನ್ನು ಬಿಡುವುದು ಒಳ್ಳೆಯದು. ವ್ಯಾಟ್ ಎಂಬುದು ಲೈಟ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ಹವಳ ಕೂತಿರುವ ಜಾಗಕ್ಕೆ ಎಷ್ಟು ಬೆಳಕು ತಲುಪುತ್ತದೆ ಎಂಬುದನ್ನಲ್ಲ. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ; ಆದ್ದರಿಂದ ನಾವು ನೋಡಬೇಕಾದದ್ದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಅಳತೆಯನ್ನು, ಅಂದರೆ ಪಾರ್ ಮೌಲ್ಯವನ್ನು. ಮಶ್ರೂಮ್‌ಗೆ 50ರ ಆಸುಪಾಸು, ಜೋಯಾಂಥಿಡ್ ಮತ್ತು ಲೆದರ್‌ಗೆ 80ರಿಂದ 150 ಇದ್ದರೆ ಸಾಕಾಗುತ್ತದೆ. ಅಕ್ರೊಪೋರದಂಥವು 200ಕ್ಕೂ ಹೆಚ್ಚು ಕೇಳುತ್ತವೆ. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರ್‌ಗಳಲ್ಲಿ ಹೀರಿಬಿಡುವುದರಿಂದ, ಆಳಕ್ಕೆ ಇಳಿಯುವ ನೀಲಿಗೆ ಈ ಪಾಚಿಗಳು ಚೆನ್ನಾಗಿ ಹೊಂದಿಕೊಂಡಿವೆ. ಹಾಗಾಗಿ ನೀಲಿಯನ್ನೂ ಬಿಳಿಯನ್ನೂ ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಲು ಬರುವ ಲೈಟನ್ನೇ ಆರಿಸಿ. ಕಾಂಡ ಉದ್ದವಾಗಿರುವುದು ಬೆಳಕು ಸಾಲದೆಂಬುದರ ಲಕ್ಷಣ.

ಉತ್ತರ 2:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹೊಸ ಲೈಟ್ ಬಂದ ದಿನವೇ ಪೂರ್ತಿ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾನು ಹಾಗೆ ಮಾಡಿ ಕಳೆದುಕೊಂಡವನು. ಎರಡನೆಯ ದಿನ ಲೆದರ್ ಪುಟ್ಟ ಹೂಗಳಂತೆ ಅರಳಿಕೊಂಡಿದ್ದ ತನ್ನ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು ತೊಗಲಿನಂತೆ ನುಣ್ಣಗಾಯಿತು. ವಾರ ಕಳೆಯುವಷ್ಟರಲ್ಲಿ ಅದರ ಪಕ್ಕದ ಮಶ್ರೂಮ್ ಬಣ್ಣ ಬಿಟ್ಟು, ನೆನೆದ ಕಾಗದದ ಚೂರಿನಂತೆ ಕಲ್ಲಿನಿಂದ ಕಳಚಿತು. ಬೆಳಕು ಅತಿಯಾದಾಗ ಹವಳ ತನಗೆ ಅನ್ನ ಕೊಡುವ ಪಾಚಿಯನ್ನೇ ಹೊರಹಾಕುತ್ತದೆ, ಅದರ ಜೊತೆಗೆ ನೀರೂ ಬಿಸಿಯಾದರೆ ಹಾನಿ ಇನ್ನೂ ಬೇಗ. ಶೇಕಡಾ 30ರಿಂದ ಆರಂಭಿಸಿ, ವಾರಕ್ಕೆ ಶೇಕಡಾ 5ರಂತೆ ಏರಿಸಿ. ಟೈಮರ್ ಹಾಕಿ ದಿನಕ್ಕೆ ಎಂಟೊಂಬತ್ತು ಗಂಟೆ ಬೆಳಗಿಸಿದರೆ ಸಾಕು. ಏಪ್ರಿಲ್ ತಿಂಗಳ ಬಿಸಿಲಿಗೆ ನಮ್ಮ ಊರಿನಲ್ಲೂ ತೊಟ್ಟಿಯ ನೀರು ಕಾಯುತ್ತದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಡಿ.

ಉತ್ತರ 3:
ಮೊಬೈಲಿನ ಲಕ್ಸ್ ಆ್ಯಪ್ ನೋಡಿ ಬೆಳಕು ನಿರ್ಧರಿಸಬೇಡಿ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರಿಗೆ ಚುರುಕು, ನೀಲಿಗೆ ಮಂದವಾದ್ದರಿಂದ ನೀಲಿ ಲೈಟನ್ನು ಅದು ತೀರಾ ಕಡಿಮೆ ತೋರಿಸುತ್ತದೆ. ಪರಿಚಯದವರಲ್ಲಿ ಪಾರ್ ಮೀಟರ್ ಇದ್ದರೆ ಒಂದು ದಿನದ ಮಟ್ಟಿಗೆ ಎರವಲು ತಂದು, ಮರಳಿನ ಮೇಲೆ, ಕಲ್ಲಿನ ತುದಿಯಲ್ಲಿ ಮತ್ತು ಎರಡೂ ಮೂಲೆಗಳಲ್ಲಿ ಅಳೆಯಿರಿ. ಇನ್ನು ಅಕ್ರೊಪೋರದ ಮಾತು. ಅದೂ ಸೇರಿದಂತೆ ಎಲ್ಲ ಗಟ್ಟಿ ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ, ಹವಳದ ದಿಬ್ಬಗಳಿಗೆ ಮಾಡುವ ದ್ರೋಹವೂ ಹೌದು. ಅದನ್ನು ಇಡುವ ಆಸೆಗೆಂದು ಇಂದೇ ದೊಡ್ಡ ಲೈಟ್ ಕೊಳ್ಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನೀಲಿ ಮತ್ತು ಬಿಳಿಗೆ ಪ್ರತ್ಯೇಕ ನಿಯಂತ್ರಣವಿರುವ 50 ವ್ಯಾಟ್‌ನ ಲೈಟ್ ತಂದು, ನೀರಿನಿಂದ ಎಂಟು ಇಂಚು ಮೇಲೆ ತೂಗುಹಾಕಿದ್ದೇನೆ. ಶೇಕಡಾ 30ರಲ್ಲಿ ಅಳೆದಾಗ ಮರಳಿನ ಮೇಲೆ 40, ಕಲ್ಲಿನ ತುದಿಯಲ್ಲಿ 85 ಬಂತು. ಮಶ್ರೂಮನ್ನು ಮರಳಿಗೆ ಇಳಿಸಿದ್ದೇನೆ, ಲೆದರ್ ಇದ್ದಲ್ಲೇ ಇದೆ. ಮೂರು ವಾರಗಳ ನಂತರ ಮತ್ತೆ ಅಳೆದು, ಜೋಯಾಂಥಿಡ್‌ಗಳ ಚಿತ್ರದೊಂದಿಗೆ ಇಲ್ಲಿಯೇ ಬರೆಯುತ್ತೇನೆ.