'ಕ್ರಿಸ್ಪ್' ಬಿಳಿ ವೈನ್‌ಗೆ ಕನ್ನಡದಲ್ಲಿ ಏನನ್ನಬೇಕು? ಗುರುವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ. ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ವೈನ್ ರುಚಿ ನೋಡುವವರ ಕೈಗೆ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗುರುವಾರ ಅಚ್ಚಿಗೆ ಹೋಗುತ್ತದೆ. ಕೆಂಪು ವೈನಿನದು ಮುಗಿಯಿತು, ಬಿಳಿಯದರಲ್ಲಿ ಸಿಕ್ಕಿಕೊಂಡಿದ್ದೇನೆ. ನಂದಿಬೆಟ್ಟದ ಕಡೆಯ ಸೋವಿನ್ಯಾನ್ ಬ್ಲಾಂಕ್ ದ್ರಾಕ್ಷಿಯದು, ಈ ವರ್ಷದ ಕೊಯ್ಲು, ಬೆಲೆ ಜಾಸ್ತಿ ಇಲ್ಲ. ಇಂಗ್ಲಿಷ್ ಕಾರ್ಡಿನಲ್ಲಿ 'ಕ್ರಿಸ್ಪ್' ಅಂತಿದೆ.

'ಗರಿಗರಿ' ಅಂತ ಬರೆದೆ, ಅಳಿಸಿದೆ. ದೋಸೆ ಗರಿಗರಿ, ಹೊಸ ನೋಟು ಗರಿಗರಿ. ಕುಡಿಯುವುದಕ್ಕೆ ಅದು ಹೊಂದುವುದಿಲ್ಲ. 'ಹುಳಿ' ಅಂದಿದ್ದಕ್ಕೆ ಹೋಂಸ್ಟೇಯವರು ಒಪ್ಪಲಿಲ್ಲ. ಕೆಟ್ಟುಹೋಗಿದೆ ಅಂದುಕೊಳ್ತಾರೆ ಅಂದರು.

ರುಚಿ ಹೇಳ್ತೇನೆ, ಪದ ಹುಡುಕುವವರಿಗೆ ಅನುಕೂಲ. ತಣ್ಣಗಿತ್ತು, ಲೋಟದ ಹೊರಮೈ ಬೆವರಿತ್ತು. ಬಣ್ಣ ತೆಳು ಹಳದಿ, ಅಂಚಿನಲ್ಲಿ ಚೂರು ಹಸಿರು. ಕಿತ್ತಳೆ ಸಿಪ್ಪೆ ಮಡಿಸಿದಾಗ ಚಿಮ್ಮುತ್ತಲ್ಲ, ಆ ಥರದ ವಾಸನೆ. ಬಾಯಿಗೆ ಹಾಕಿದ ತಕ್ಷಣ ನಾಲಿಗೆಯ ಎರಡೂ ಅಂಚು ಚುಳ್ಳೆಂದಿತು. ನುಂಗಿದ ಮೇಲೆ ದವಡೆ ಹತ್ತಿರ ನೀರೂರಿತು. ಸಿಹಿ ಇಲ್ಲವೇ ಇಲ್ಲ. ಇಲ್ಲಿನ ಅಂಗಡಿಗಳ ಹೋಂಮೇಡ್ ವೈನ್ ಸಿಹಿಯಾಗಿರುತ್ತದೆ, ಬಂದವರು ಅದನ್ನೇ ಎಣಿಸಿಕೊಂಡಿರುತ್ತಾರೆ. ಇದು ಬೇರೆ ಅನ್ನುವುದು ಓದಿದ ಕೂಡಲೇ ಗೊತ್ತಾಗಬೇಕು.
— ಮಡಿಕೇರಿಯಿಂದ

ಪದ ಇದೆ. ಹಸಿ. ಹಳಗನ್ನಡದ ಪಸಿ, ಪಸುರ್, ಪಸುಳೆ ಮೂರೂ ಒಂದೇ ಬೇರಿನವು. ನಮ್ಮ ಹಸಿ, ಹಸಿರು, ಹಸುಳೆ. ಎಳೆತನವೂ ಬಣ್ಣವೂ ಆ ಬೇರಿನಲ್ಲೇ ಇವೆ. ಪೋರ್ಚುಗಲ್ ದೇಶದ ವಾಯವ್ಯ ಭಾಗದ 'ವಿನ್ಯೋ ವೆರ್ದೆ' ನೋಡಿ. ಹಸಿರು ವೈನ್ ಎಂದೇ ಅದರ ಅರ್ಥ. ಬಣ್ಣದ ಮಾತಲ್ಲ, ಎಳೆಯದು ಎಂದು. ಅದರಲ್ಲಿ ಕೆಂಪೂ ಉಂಟು. ಅವರು ಮಾಡಿದ್ದನ್ನೇ ನಾವೂ ಮಾಡೋಣ: ಹಸಿಹೆಂಡ. 'ವೈನ್' ಬೇಕಾಗಿಯೇ ಇಲ್ಲ.
— ಮೈಸೂರಿನಿಂದ

ಹಸಿಹೆಂಡ ಅಂದರೆ ಕಾರ್ಡ್ ಓದಿದವರು ಈಚಲು ಮರ ನೆನೆಸಿಕೊಳ್ತಾರೆ. ಮಸಾಲೆಯ ಹಸಿ ವಾಸನೆ ಹೋಗಲಿ ಅಂತಲೇ ಹುರಿಯುತ್ತೇವೆ, ಅಲ್ವಾ? ಹಸಿ ಅನ್ನುವುದು ಬಾಯಿಗೆ ಸಂಬಂಧಪಟ್ಟಲ್ಲಿ ದೋಷದ ಮಾತು. ಬೇರು ಅಗೆದು ಪದ ಕಟ್ಟಬೇಡಿ. 'ಕ್ರಿಸ್ಪ್' ಅಂತಲೇ ಕನ್ನಡ ಅಕ್ಷರದಲ್ಲಿ ಬರೆಯಿರಿ.
— ಧಾರವಾಡದಿಂದ

ಧಾರವಾಡದವರೇ, ಕ್ರಿಸ್ಪ್ ಅಂತ ಬರೆಯುವುದಾದರೆ ಕನ್ನಡ ಕಾರ್ಡ್ ಯಾಕೆ? ಇಲ್ಲಿಗೆ ಹಾಸನ, ಮಂಡ್ಯದಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿದ್ದಾರೆ. ಆ ತಾಯಿ ಓದಿ ಮಗಳನ್ನು ಕೇಳದೆ ಅರ್ಥ ಮಾಡಿಕೊಳ್ಳಬೇಕು. ನನಗೆ ಬೇಕಾಗಿರುವುದು ಅಷ್ಟೇ.
— ಮಡಿಕೇರಿಯಿಂದ

ನೀವು ಹುಳಿಯನ್ನು ಮುಚ್ಚಿಡಲು ಹೊರಟಿದ್ದೀರಿ, ತೊಂದರೆ ಅಲ್ಲೇ ಇದೆ. ಮಾಡುವವರು ಆ ಹುಳಿ ಉಳಿಸಿಕೊಳ್ಳುವುದಕ್ಕೇ ಒದ್ದಾಡುತ್ತಾರೆ. ದ್ರಾಕ್ಷಿಯಲ್ಲಿ ಸಿಹಿ ಏರಿ ಹುಳಿ ಇಳಿಯುವ ಮೊದಲೇ ಕೊಯ್ಯುತ್ತಾರೆ. ಬೇಗ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ, ಅದಕ್ಕೇ ಕೆಂಪಿನಲ್ಲಿರುವ ಒಗರು ಇದರಲ್ಲಿಲ್ಲ. ಸ್ಟೀಲ್ ಟ್ಯಾಂಕಿನಲ್ಲಿ 12ರಿಂದ 18 ಡಿಗ್ರಿ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಬೆಚ್ಚಗಾದರೆ ಆ ಕಿತ್ತಳೆ ಸಿಪ್ಪೆಯ ವಾಸನೆ ಹಾರಿಹೋಗುತ್ತದೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವುದಿಲ್ಲ, ಬೆಲೆ ಕಡಿಮೆ ಇರಲು ಅದೂ ಒಂದು ಕಾರಣ.

ಇನ್ನೊಂದು ವಿಷಯ ಇದೆ, ಪದಕ್ಕೆ ಅದೇ ಮುಖ್ಯ. ದ್ರಾಕ್ಷಿಯಲ್ಲಿ ಹಸಿ ಸೇಬಿನಲ್ಲಿರುವಂಥ ಮ್ಯಾಲಿಕ್ ಆಮ್ಲ ಇರುತ್ತದೆ. ಸುಮ್ನೆ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಮೊಸರಿನ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಬಹುದು. ಆಗ ರುಚಿ ಮೆತ್ತಗಾಗುತ್ತದೆ. ಈ ಥರದ ವೈನಿನಲ್ಲಿ ಸಾಮಾನ್ಯವಾಗಿ ಅದನ್ನು ತಡೆಯುತ್ತಾರೆ. ಅಂದರೆ ಕ್ರಿಸ್ಪ್ ಅನ್ನುವುದು ಸೇಬಿನ ಹುಳಿ, ಮೊಸರಿನ ಹುಳಿಯಲ್ಲ. ಕೆಟ್ಟ ವೈನಿನ ಹುಳಿ ವಿನೆಗರ್‌ದು, ಅದು ಮೂರನೆಯದು. ಕೊಡಗಿನಲ್ಲಿ ಇದು ಹೇಳಿಕೊಡಬೇಕಾ? ಪಂದಿ ಕರಿಗೆ ಹಾಕುವ ಕಾಚಂಪುಳಿಯ ಕಪ್ಪು, ಗಟ್ಟಿ ಹುಳಿಯೇ ಬೇರೆ, ಕಿತ್ತಳೆಯ ಹುಳಿಯೇ ಬೇರೆ. ಹುಳಿ ಬಿಡಬೇಡಿ, ಯಾವ ಹುಳಿ ಅಂತ ಹೇಳಿ. 'ತಿಳಿಹುಳಿ' ಆಗಬಹುದು.
— ಸೋಮವಾರಪೇಟೆಯಿಂದ

ತಿಳಿಹುಳಿ ಆಗದು. ನಮ್ಮಲ್ಲಿ ಹುಳಿ ಎಂದರೆ ಅನ್ನಕ್ಕೆ ಕಲಸುವುದು. ತಿಳಿಹುಳಿ ಎಂದರೆ ಬೇಳೆ ಕಡಿಮೆ ಹಾಕಿದ್ದು. 'ವೈನ್' ಬಗ್ಗೆ ಯಾರೂ ಉತ್ತರಿಸಿಲ್ಲ. ಕಳ್, ಹೆಂಡ ಇರುವ ನುಡಿಗೆ ಎರವಲು ಏಕೆ? ಬಡವರು ಕುಡಿದರೆ ಹೆಂಡ, ಹಣವಿದ್ದವರು ಕುಡಿದರೆ ವೈನ್. ನನ್ನ ಸಿಟ್ಟು ಇದಕ್ಕೆ.
— ಮೈಸೂರಿನಿಂದ

ಕೊಡಗಿನಲ್ಲಿ ಕೂತವರಿಗೆ ಎರವಲು ಬೇಡ ಅಂತೀರಾ? ಅಲ್ಲಿ ಬೆಟ್ಟದ ತುಂಬ ಇರುವುದು ಕಾಫಿ. ಅದಕ್ಕೆ ಯಾವ ಅಚ್ಚಗನ್ನಡ ಪದ ಇಟ್ಟಿದ್ದೀರಿ? ದ್ರಾಕ್ಷಿಯೂ ಸಂಸ್ಕೃತದ್ದು. ಬೆಲೆ ಹೇಳಲು 'ಅಗ್ಗ' ಅಂದರೆ ಅದೂ 'ಅರ್ಘ'ದ ತದ್ಭವ.
— ಧಾರವಾಡದಿಂದ

ತದ್ಭವ ಬೇರೆ, ಎತ್ತಿ ತಂದಿಟ್ಟ ಪದ ಬೇರೆ. ಅಗ್ಗ ನಮ್ಮ ಬಾಯಲ್ಲಿ ಸವೆದು ನಮ್ಮದಾಗಿದೆ.
— ಮೈಸೂರಿನಿಂದ

ವೈನ್ ಕೂಡ ಸವೆಯುತ್ತಿದೆ. 'ವೈನಿನ' ಅಂತ ನಮ್ಮ ವಿಭಕ್ತಿ ಹಚ್ಚುತ್ತೇವಲ್ಲ.
— ಧಾರವಾಡದಿಂದ

ಎಲ್ಲರಿಗೂ ಧನ್ಯವಾದ. ಮೈಸೂರಿನವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಹೆಂಡ ಅಂದರೆ ಇಲ್ಲಿ ಬೇರೆಯದೇ ವಸ್ತು. ಎರಡಕ್ಕೂ ಒಂದೇ ಹೆಸರಿಟ್ಟರೆ ಎರಡರ ರುಚಿಯೂ ಹೋಗುತ್ತದೆ. 'ವೈನ್' ಇಟ್ಟುಕೊಂಡಿದ್ದೇನೆ. 'ಹಸಿ' ಬಿಟ್ಟು 'ಎಳೆಯ' ತೆಗೆದುಕೊಂಡೆ. ಎಳನೀರು, ಎಳೆಸೌತೆ ಅನ್ನುವಾಗ ಬಾಯಿಗೆ ತಂಪೇ ಬರುತ್ತದೆ. ಸೋಮವಾರಪೇಟೆಯವರು ಹೇಳಿದ ಹಾಗೆ ಹುಳಿ ಉಳಿಸಿದ್ದೇನೆ, ಸೇಬು ಸೇರಿಸಿದ್ದೇನೆ. ಹೋಂಸ್ಟೇಯವರಿಗೆ ಫೋನಿನಲ್ಲಿ ಓದಿ ಹೇಳಿದೆ, ಈ ಸಲ ಒಪ್ಪಿದರು. ಅಚ್ಚಿಗೆ ಹೋದದ್ದು ಹೀಗಿದೆ:

ಎಳೆಯ ಬಿಳಿ ವೈನ್. ಸಿಹಿ ಇಲ್ಲ. ಹಸಿರು ಸೇಬು ಕಚ್ಚಿದಂಥ ಚುರುಕು ಹುಳಿ. ತಣ್ಣಗಿರುವಾಗಲೇ ಕುಡಿಯಿರಿ.
— ಮಡಿಕೇರಿಯಿಂದ