ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಯಕ್ಷಗಾನ ತೋರಿಸಬಹುದಾ?

ಪ್ರಶ್ನೆ, ಕಾರವಾರದಿಂದ:
ಕ್ರಿಸ್‌ಮಸ್ ರಜೆಗೆ ತಂಗಿಯ ಮಕ್ಕಳು ಬರುತ್ತಿದ್ದಾರೆ, ಒಬ್ಬಳಿಗೆ 4, ಇನ್ನೊಬ್ಬನಿಗೆ 8 ವರ್ಷ. ಹೊನ್ನಾವರ ಕಡೆ ಯಕ್ಷಗಾನದ ಆಟ ತೋರಿಸುವ ಆಸೆ. ಚಿಕ್ಕವಳು ರಾಕ್ಷಸ ವೇಷಕ್ಕೆ ಹೆದರುತ್ತಾಳಾ?

ಹೊನ್ನಾವರದವರು:
ಖಂಡಿತ ಕರೆದುಕೊಂಡು ಬನ್ನಿ. ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ನವೆಂಬರ್‌ನಿಂದ ಮೇವರೆಗೆ ಇರುತ್ತದೆ, ಡಿಸೆಂಬರ್‌ನಲ್ಲಿ ಆಟಕ್ಕೆ ಬರ ಇಲ್ಲ. ಆದರೆ ಇಡೀ ರಾತ್ರಿಯದ್ದು ಬೇಡ, ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಆಟ ನೋಡಿ. ಮೊದಲೇ ಹೋಗಿ, ಕಲಾವಿದರನ್ನು ಕೇಳಿಕೊಂಡು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ಹಚ್ಚಿಕೊಳ್ಳುವುದನ್ನು ತೋರಿಸಿ. ಅದನ್ನು ಕಣ್ಣಾರೆ ಕಂಡ ಮಗು, ಆಮೇಲೆ ಅದೇ ವೇಷ ಆರ್ಭಟಿಸುತ್ತಾ ರಂಗಕ್ಕೆ ಬಂದರೂ ಅಷ್ಟು ಹೆದರುವುದಿಲ್ಲ.

ಶಿರಸಿಯಿಂದ:
ಚಂಡೆ ಇರುವ ಬದಿಗೆ ಕೂರಿಸಬೇಡಿ, ಸಣ್ಣ ಕಿವಿಗೆ ಸದ್ದು ಜಾಸ್ತಿ ಆಗುತ್ತದೆ. ಕಥೆಯನ್ನು ಮನೆಯಲ್ಲೇ ಹೇಳಿಡಿ. ನಿದ್ದೆ ಬಂದರೆ ಸುಮ್ನೆ ಎಬ್ಬಿಸಬೇಡಿ, ಮಡಿಲಲ್ಲೇ ಮಲಗಲಿ. ಸ್ವೆಟರ್ ಮರೆಯಬೇಡಿ.